ಹೊಟ್ಟೆ ತಾಗದ ಹಾಗೆ ಹತ್ತಿಸಿ: ಹಳೇ ಸ್ಪೋರ್ಟ್ಸ್ ಕಾರನ್ನು ಲಾರಿಯಲ್ಲಿ ಸಾಗಿಸುವ ಕಥೆ, ಲೆಕ್ಕ

ಪಾಡ್‌ಕಾಸ್ಟ್ ಪಠ್ಯರೂಪ: ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಮರೆತು ಬಂದವರಿಗೆ ಈ ವಾರದ ಸಂಚಿಕೆ ಓದುವ ರೂಪದಲ್ಲಿ ಇಲ್ಲಿದೆ.

ಇವತ್ತಿನ ಸಂಚಿಕೆಯನ್ನು ಒಂದು ಸದ್ದಿನಿಂದ ಶುರು ಮಾಡ್ತೀನಿ. ರೆಕಾರ್ಡ್ ಮಾಡ್ಕೊಂಡಿಲ್ಲ, ಬಾಯಲ್ಲೇ ಹೇಳ್ಬೇಕು. ಅಡುಗೆಮನೆ ನೆಲದ ಮೇಲೆ ತುಂಬಿದ ಗ್ಯಾಸ್ ಸಿಲಿಂಡರ್ ಎಳೆದರೆ ಒಂದು ಸದ್ದು ಬರುತ್ತಲ್ಲ, ಹಲ್ಲು ಜುಮ್ ಅನ್ನೋ ಥರದ್ದು? ಅದೇ ಸದ್ದು. ಆದರೆ ಎಳೀತಿದ್ದದ್ದು ಸಿಲಿಂಡರ್ ಅಲ್ಲ, ನಮ್ಮ ದೊಡ್ಡಪ್ಪನ ಕಾರು.

ಮೂರು ವರ್ಷದ ಹಿಂದೆ, ಹಾಸನ ದಾಟಿ ಸ್ವಲ್ಪ ದೂರ, ಹೆದ್ದಾರಿ ಪಕ್ಕದಲ್ಲಿ ಆ ಸದ್ದು ಕೇಳಿದೆ. ದೊಡ್ಡಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರು ಬೈಯಲಿಲ್ಲ, ಕೂಗಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನಿಸುತ್ತೆ.

ಇವತ್ತಿನ ವಿಷಯ ಇದು: ನೆಲಕ್ಕೆ ಅಂಟಿಕೊಂಡ ಹಾಗಿರುವ ಹಳೇ ಸ್ಪೋರ್ಟ್ಸ್ ಕಾರನ್ನು ಒಂದು ಊರಿಂದ ಇನ್ನೊಂದು ಊರಿಗೆ ಹಾಳಾಗದ ಹಾಗೆ ಸಾಗಿಸೋದು ಹೇಗೆ? ನಿಮ್ಮ ಹತ್ರ ಅಂಥ ಕಾರು ಇಲ್ಲದೇ ಇರಬಹುದು. ಆದರೆ ಇವತ್ತು ಹೇಳೋದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮ ಮನೆಯ ಮಾಮೂಲಿ ಕಾರು ಕೆಟ್ಟು ನಿಂತಾಗಲೂ ಉಪಯೋಗಕ್ಕೆ ಬರುತ್ತೆ.

ಮೊದಲು ಕಾರಿನ ಪರಿಚಯ

ದೊಡ್ಡಪ್ಪ ಮೂಡಿಗೆರೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಯಾವುದೋ ವಿದೇಶಿ ರಾಯಭಾರ ಕಚೇರಿಯವರು ಭಾರತಕ್ಕೆ ತಂದಿದ್ದ ಕಾರೊಂದು ಮೂರು ಕೈ ದಾಟಿ ಅವರ ಹತ್ರ ಬಂತು. 1965ರ ಎಂಜಿಬಿ. ಎರಡೇ ಸೀಟು, ಬಟ್ಟೆಯ ಟಾಪು, ತಂತಿ ಕಡ್ಡಿಯ ಗಾಲಿ.

ಇಂಗ್ಲೆಂಡಿನ ಆ್ಯಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಮಾದರಿ ತಯಾರಾಯಿತು. ಮುಚ್ಚಿದ ಛಾವಣಿಯ ಜಿಟಿ ಮಾದರಿಯನ್ನೂ ಸೇರಿಸಿದರೆ 5 ಲಕ್ಷಕ್ಕಿಂತ ಹೆಚ್ಚು ಕಾರು. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್. ತೂಕ ಒಂದು ಟನ್‌ಗಿಂತ ಸ್ವಲ್ಪ ಕಡಿಮೆ. ನೆಲದಿಂದ ಹೊಟ್ಟೆಗೆ ಇರೋ ಎತ್ತರ ಸುಮಾರು 5 ಇಂಚು, ಅಂದರೆ ಹನ್ನೆರಡೂವರೆ ಸೆಂಟಿಮೀಟರ್. ಅದರಲ್ಲೂ ಸೈಲೆನ್ಸರ್ ಪೈಪು ಇನ್ನೂ ಕೆಳಗೆ ನೇತಾಡ್ತಿರುತ್ತೆ.

ನಮ್ಮ ರಸ್ತೆ ಉಬ್ಬಿನ ಲೆಕ್ಕ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಉಬ್ಬಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಹಾಗೆ ಕಟ್ಟಿದ್ದರೆ ದೊಡ್ಡಪ್ಪನ ಕಾರು ನಿಧಾನವಾಗಿ ದಾಟಿಬಿಡುತ್ತೆ. ಆದರೆ ಊರ ಬಾಗಿಲಲ್ಲಿ ರಾತ್ರೋರಾತ್ರಿ ಎದ್ದ ಉಬ್ಬುಗಳನ್ನು ನೀವೂ ನೋಡಿದೀರಿ. ಅದಕ್ಕೇ ಇಂಥ ಕಾರಿನವರು ದೂರದ ಊರಿಗೆ ಓಡಿಸಿಕೊಂಡು ಹೋಗೋದಕ್ಕಿಂತ ಲಾರಿ ಮೇಲೆ ಕಳಿಸೋದೇ ಹೆಚ್ಚು.

ಇನ್ನೊಂದು ಕಾರಣ ಕಾನೂನು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಇದೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತೆ. ಆ ನೋಂದಣಿ ತಗೊಂಡರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಬಳಕೆಗೆ ಅಲ್ಲ.

ಅವತ್ತು ಆಗಿದ್ದೇನು?

ಮೂರು ವರ್ಷದ ಹಿಂದೆ ನಾವು ಓಡಿಸಿಕೊಂಡೇ ಬೆಂಗಳೂರಿಗೆ ಹೊರಟಿದ್ದೆವು. ಹಾಸನ ದಾಟಿದ ಮೇಲೆ ಕರೆಂಟಿನ ಪೆಟ್ರೋಲ್ ಪಂಪು ಕೈಕೊಟ್ಟಿತು. ಕಾರು ನಿಂತಿತು. ಫೋನಿನಲ್ಲಿ ಹುಡುಕಿ ಮೊದಲು ಸಿಕ್ಕ ನಂಬರಿಗೆ ಕರೆ ಮಾಡಿದೆ. ‘ಕಾರು ಕೆಟ್ಟಿದೆ, ಬನ್ನಿ’ ಅಂದೆ. ಯಾವ ಕಾರು, ಎಷ್ಟು ತಗ್ಗು ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬಂದದ್ದು ಕೊಕ್ಕೆ ಹಾಕಿ ಮುಂಭಾಗ ಎತ್ತಿ ಎಳೆಯೋ ಕ್ರೇನ್ ಗಾಡಿ. ಮಾಮೂಲಿ ಕಾರಿಗೆ ಅದು ಹೇಗೋ ನಡೆದುಹೋಗುತ್ತೆ. ಆದರೆ ಮುಂಭಾಗ ಮೇಲೆ ಹೋದರೆ ಹಿಂಭಾಗ ಏನಾಗುತ್ತೆ? ಬಾಲ ಕೆಳಗಿಳಿಯುತ್ತೆ. ಐದು ಇಂಚು ಎತ್ತರದ ಕಾರಿಗೆ ಇಳಿಯೋದಕ್ಕೆ ಜಾಗವೇ ಇಲ್ಲ. ಸೈಲೆನ್ಸರ್ ಡಾಂಬರು ಮುಟ್ಟಿತು. ಅದೇ ಆ ಸದ್ದು.

ಕೊಕ್ಕೆ ಹಾಕಿದ ಜಾಗವೂ ತಪ್ಪು. ಕೆಳಗೆ ಬಗ್ಗಿ ನೋಡಿದಾಗ ಕಣ್ಣಿಗೆ ಗಟ್ಟಿ ಕಬ್ಬಿಣ ಅಂತ ಕಾಣಿಸಿದ್ದು ಮುಂದಿನ ಸಸ್ಪೆನ್ಷನ್ನಿನ ಕೆಳತೋಳು. ಅದು ಗಾಲಿಯನ್ನು ಮೇಲೆ ಕೆಳಗೆ ಆಡಿಸೋಕೆ ಮಾಡಿದ್ದು, ಇಡೀ ಕಾರಿನ ಭಾರವನ್ನು ಓರೆಯಾಗಿ ಎಳೆಯೋಕಲ್ಲ. ಬಾಗಿತು. ಆಮೇಲೆ ಸ್ಟೀರಿಂಗ್ ನೇರ ಹಿಡಿದರೂ ಕಾರು ಎಡಕ್ಕೆ ಹೋಗ್ತಿತ್ತು.

ಬಂದವರು ಕೆಟ್ಟವರಲ್ಲ. ದಿನಕ್ಕೆ ಎಷ್ಟೋ ಗಾಡಿ ಎತ್ತೋ ಜನ, ಮಳೆ ಬರ್ತಿತ್ತು, ಅವರಿಗೂ ಅವಸರ. ಗೊತ್ತಿರಬೇಕಾಗಿದ್ದದ್ದು ನನಗೆ. ಆಮೇಲೆ ಓದಿ, ಕೇಳಿ, ಗ್ಯಾರೇಜಿನವರ ಹಿಂದೆ ತಿರುಗಿ ಒಂದು ಮಾತು ಕಲಿತೆ: ಇಂಥ ಕಾರಿಗೆ ದೊಡ್ಡ ಗಂಡಾಂತರ ಇನ್ನೂರು ಕಿಲೋಮೀಟರ್ ದಾರಿಯಲ್ಲಲ್ಲ, ಹತ್ತಿಸುವ ಹತ್ತು ನಿಮಿಷದಲ್ಲಿ ಮತ್ತು ಇಳಿಸುವ ಹತ್ತು ನಿಮಿಷದಲ್ಲಿ. ಆ ಇಪ್ಪತ್ತು ನಿಮಿಷ ನಿಮ್ಮ ಕೈಯಲ್ಲೇ ಇದೆ.

ಎಳೆಯೋ ವಿಧಾನ ಎಷ್ಟು?

ಒಂದು, ಹಗ್ಗ ಕಟ್ಟಿ ಎಳೆಯೋದು. ಗ್ಯಾರೇಜು ಪಕ್ಕದಲ್ಲೇ ಇದ್ದರೆ ಮಾತ್ರ. ಎರಡು ಗಾಡಿ ನಡುವಿನ ಅಂತರ 5 ಮೀಟರ್ ಮೀರಬಾರದು, ಹಿಂದೆ ‘ಆನ್ ಟೋ’ ಅನ್ನೋ ಬೋರ್ಡು ಇರಬೇಕು ಅಂತ ನಿಯಮ ಇದೆ. ಎಂಜಿನ್ ಆಫ್ ಆಗಿದ್ದರೆ ಪವರ್ ಬ್ರೇಕ್ ಇರೋ ಕಾರಿನಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ ಅನ್ನೋದು ನೆನಪಿರಲಿ. ಬೀಗ ತೆಗೆಯದಿದ್ದರೆ ಸ್ಟೀರಿಂಗ್ ಲಾಕ್ ಆಗೋ ಕಾರುಗಳೂ ಇವೆ.

ಎರಡು, ಎರಡು ಗಾಲಿ ಎತ್ತಿ ಎಳೆಯೋದು. ಬಾಲ ಉಜ್ಜೋ ಕಥೆ ಆಗಲೇ ಹೇಳಿದೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣೋದಿಲ್ಲ. ಹಳೇ ಸ್ಪೋರ್ಟ್ಸ್ ಕಾರುಗಳಲ್ಲಿ ಹೆಚ್ಚಿನವು ಹಿಂದಿನ ಗಾಲಿಯಿಂದ ಓಡೋವು. ಮುಂಭಾಗ ಎತ್ತಿ ಎಳೆದರೆ ಹಿಂದಿನ ಗಾಲಿ ತಿರುಗುತ್ತೆ, ಅದರ ಜೊತೆ ಗೇರ್‌ಬಾಕ್ಸಿನ ಹಿಂದಿನ ಶಾಫ್ಟೂ ತಿರುಗುತ್ತೆ. ಆದರೆ ಎಂಜಿನ್ ನಿಂತಿರೋದರಿಂದ ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಒಳಗೆ ಎಣ್ಣೆ ಎರಚೋ ಕೆಲಸ ನಡೆಯೋದಿಲ್ಲ. ಆಟೋಮ್ಯಾಟಿಕ್ ಆದರೆ ಇನ್ನೂ ಕಷ್ಟ, ಎಣ್ಣೆ ಪಂಪನ್ನು ಓಡಿಸೋದೇ ಎಂಜಿನ್. ಒಣಗಿದ ಬೇರಿಂಗ್ ಹತ್ತಾರು ಕಿಲೋಮೀಟರ್ ತಿರುಗಿದರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ.

ಮೂರು, ಫ್ಲಾಟ್‌ಬೆಡ್. ಲಾರಿಯ ಹಾಸು ಹಿಂದಕ್ಕೆ ಜಾರಿ, ಓರೆಯಾಗಿ ನೆಲಕ್ಕೆ ತಾಗುತ್ತೆ. ಕಾರನ್ನು ವಿಂಚಿನಲ್ಲಿ ಮೇಲೆಳೆದು, ಹಾಸನ್ನು ಮತ್ತೆ ಸಮ ಮಾಡ್ತಾರೆ. ನಾಲ್ಕೂ ಗಾಲಿ ಮೇಲೆ, ಏನೂ ತಿರುಗೋದಿಲ್ಲ. ತಗ್ಗಿನ ಕಾರಿಗೆ ಇದೇ ಸರಿ.

ನಾಲ್ಕು, ಮುಚ್ಚಿದ ಕಂಟೇನರ್ ಲಾರಿ. ಮಳೆ, ಧೂಳು, ಮುಂದಿನ ಗಾಡಿಯಿಂದ ಸಿಡಿಯೋ ಜಲ್ಲಿ ಯಾವುದರ ಭಯವೂ ಇಲ್ಲ. ದುಡ್ಡು ಹೆಚ್ಚು. ಆದರೆ ಕೆಲವದರಲ್ಲಿ ಹಾಸು ಕೆಳಗಿಳಿಯೋದಿಲ್ಲ, ಎರಡು ಹಲಗೆ ಇಟ್ಟು ಹತ್ತಿಸ್ತಾರೆ. ಅಲ್ಲೇ ನಮ್ಮ ಮುಂದಿನ ಲೆಕ್ಕ ಬರೋದು.

ಮೂತಿ, ಹೊಟ್ಟೆ, ಬಾಲ

ತಗ್ಗಿನ ಕಾರು ಮೂರು ಕಡೆ ತಾಗುತ್ತೆ. ಇಳಿಜಾರಿನ ಬುಡದಲ್ಲಿ ಮೂತಿ. ಮುಂದಿನ ಗಾಲಿ ಹತ್ತಿದ ಮೇಲೆ ಹಿಂದೆ ಬಾಲ. ಇಳಿಜಾರು ಮುಗಿದು ಹಾಸು ಸಮ ಆಗೋ ತುದಿಯಲ್ಲಿ ಹೊಟ್ಟೆ.

ಮೂತಿಯ ಲೆಕ್ಕ ಮೊದಲು. ಒಂದು ಕಾರಿನ ಮೂತಿ ಮುಂದಿನ ಗಾಲಿಗಿಂತ 75 ಸೆಂ.ಮೀ. ಮುಂದೆ ಚಾಚಿದೆ, ನೆಲದಿಂದ 12 ಸೆಂ.ಮೀ. ಮೇಲಿದೆ ಅಂದುಕೊಳ್ಳಿ. ಅದು ತಡೆದುಕೊಳ್ಳೋದು ಸುಮಾರು 9 ಡಿಗ್ರಿ ಓರೆಯನ್ನು. ಈಗ ಲಾರಿಯ ಹಾಸು 6 ಮೀಟರ್ ಉದ್ದ, ಮುಂದಿನ ತುದಿ ಹಿಂದಿನ ತುದಿಗಿಂತ 1 ಮೀಟರ್ ಮೇಲೆ ಅಂದುಕೊಂಡರೆ ಓರೆ ಒಂಬತ್ತೂವರೆ ಡಿಗ್ರಿ. ಅರ್ಧ ಡಿಗ್ರಿ ತಾನೇ ಅನ್ನಬೇಡಿ. ಆ ಅರ್ಧ ಡಿಗ್ರಿಯಲ್ಲಿ ಬಂಪರ್ ಹೋಗುತ್ತೆ. ಎಂಜಿಬಿಯ ಮೂತಿ ಗಿಡ್ಡ, ಬಚಾವ್. ಜಾಗ್ವಾರ್ ಇ-ಟೈಪ್ ನೆನಪಿಸಿಕೊಳ್ಳಿ, ಮಾರುದ್ದದ ಬಾನೆಟ್. ಅಕ್ಕಪಕ್ಕದ ರೆಕ್ಕೆಗಳೂ ಸೇರಿ ಒಂದೇ ತುಂಡಾಗಿ ಎದ್ದೇಳೋ ಬಾನೆಟ್ ಅದು. ಅದರ ಮೂತಿಗೆ ಏಟು ಬಿದ್ದರೆ ಇಡೀ ಮುಂಭಾಗದ ಕೆಲಸ.

ಇದಕ್ಕೆ ಮದ್ದು? ಮರದ ಹಲಗೆ. ನಿಜವಾಗ್ಲೂ, ಅಷ್ಟೇ. ಹಾಸಿನ ಬುಡದಲ್ಲಿ, ಎರಡೂ ಗಾಲಿ ಬರೋ ದಾರಿಯಲ್ಲಿ 5 ಸೆಂ.ಮೀ. ದಪ್ಪದ ಗಟ್ಟಿ ಹಲಗೆ ಇಡಿ. ಮೂತಿ ಹಾಸಿನ ಹತ್ರ ಬರೋ ಮೊದಲೇ ಗಾಲಿ 5 ಸೆಂ.ಮೀ. ಮೇಲೆ ಹೋಗಿರುತ್ತೆ. 12 ಇದ್ದದ್ದು 17 ಆಯ್ತು. ಈಗ ಅದೇ ಮೂತಿ ಹನ್ನೆರಡು ಡಿಗ್ರಿ ದಾಟಿದರೂ ತಾಗೋದಿಲ್ಲ. ಹಲಗೆ ಜಾರದ ಹಾಗೆ ಹಿಂದೆ ಅಡ್ಡ ಕೊಡಿ.

ಈಗ ಹೊಟ್ಟೆ. ಎಂಜಿಬಿಯಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 2.31 ಮೀಟರ್. ನಡುಮಧ್ಯದಲ್ಲಿ ಹನ್ನೆರಡೂವರೆ ಸೆಂ.ಮೀ. ಎತ್ತರ ಇದ್ದರೆ ಸುಮಾರು 12 ಡಿಗ್ರಿಯ ದಿಬ್ಬದ ತುದಿಯನ್ನು ದಾಟಬಹುದು. ಪೈಪು ನೇತಾಡಿ 10 ಸೆಂ.ಮೀ.ಗೆ ಇಳಿದಿದ್ದರೆ 10 ಡಿಗ್ರಿ ಅಷ್ಟೇ. ಈಗ ಹಾಸು ಇಳಿಯದ ಲಾರಿ ಬಂತು, ಎತ್ತರ 1 ಮೀಟರ್, ಡ್ರೈವರ್ ಹತ್ರ ಇರೋದು ಎರಡೂವರೆ ಮೀಟರ್ ಹಲಗೆ. ಓರೆ ಎಷ್ಟು ಗೊತ್ತಾ? 23 ಡಿಗ್ರಿಗಿಂತ ಹೆಚ್ಚು. ಕಾರು ಅರ್ಧ ಹತ್ತಿ, ಹೊಟ್ಟೆ ಮೇಲೆ ಕೂತುಬಿಡುತ್ತೆ, ಗಾಲಿ ಗಾಳಿಯಲ್ಲಿ. 10 ಡಿಗ್ರಿ ಒಳಗೆ ಬರಬೇಕಾದರೆ ಹತ್ತಿರ ಹತ್ತಿರ 6 ಮೀಟರ್ ಉದ್ದದ ಇಳಿಜಾರು ಬೇಕು.

ಈ ಗಣಿತ ಮಾಡೋಕೆ ಬೇಜಾರಾದರೆ ಜೇಬಿನಲ್ಲಿ ಫೋನ್ ಇದೆಯಲ್ಲ. ಮಟ್ಟ ಅಳೆಯೋ ಆ್ಯಪ್ ಓಪನ್ ಮಾಡಿ, ಇಳಿಜಾರಿನ ಮೇಲೆ ಫೋನನ್ನು ಉದ್ದಕ್ಕೆ ಇಡಿ. ಎಷ್ಟು ಡಿಗ್ರಿ ಅಂತ ಅದೇ ತೋರಿಸುತ್ತೆ. ಕಾರಿನ ಕೆಳಗೆ ಟೇಪು ಹಿಡಿದು ಎತ್ತರ ಅಳೆದು ಮೊದಲೇ ಬರೆದಿಟ್ಟುಕೊಳ್ಳಿ. ಎರಡು ನಿಮಿಷದ ಕೆಲಸ.

ಎಸ್ಟೇಟಿನ ಉಪಾಯ

ಈ ವರ್ಷ ಕಾರನ್ನು ಬೆಂಗಳೂರಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಕಳಿಸಬೇಕಾಯ್ತು. ದೊಡ್ಡಪ್ಪನಿಗೆ ಈಗ 79. ‘ಇನ್ನೊಂದ್ಸಲ ಆ ಎಂಜಿನ್ ಶಬ್ದ ಕೇಳ್ಬೇಕು ಮಾರಾಯ, ಓಡಿಸೋದೇನೂ ಬೇಡ’ ಅಂದಿದ್ದರು. ಬೆನ್ನು ಬಾಗಿದೆ, ಆ ಸೀಟಿನೊಳಗೆ ಕೂತು ಏಳೋದೇ ಅವರಿಗೆ ಕಷ್ಟ.

ಫ್ಲಾಟ್‌ಬೆಡ್ ಬಂತು. ಆದರೆ ಶೆಡ್ಡಿನ ಮುಂದೆ ನೆಲ ಏರುತಗ್ಗು. ಫೋನ್ ಇಟ್ಟು ನೋಡಿದರೆ ಹಾಸಿನ ಓರೆ 13 ಡಿಗ್ರಿ. ನಾನು ಹಲಗೆ ಹುಡುಕ್ತಿದ್ದೆ. ದೊಡ್ಡಪ್ಪ ಕೋಲು ಊರಿಕೊಂಡು ಬಂದು ನೋಡಿದರು. ‘ಎಂತಕ್ಕೆ ಇಲ್ಲಿ ಒದ್ದಾಡೋದು? ಮೂಟೆ ತುಂಬೋ ಕಟ್ಟೆ ಹತ್ರ ತಗೊಂಡು ಹೋಗಿ’ ಅಂದರು.

ಕಾಫಿ ಕಣದ ಪಕ್ಕ ಲಾರಿಗೆ ಮೂಟೆ ತುಂಬೋಕೆ ಅಂತಲೇ ಎತ್ತರದ ಕಟ್ಟೆ ಇರುತ್ತೆ. ಲಾರಿ ಕೆಳಗೆ ನಿಲ್ಲುತ್ತೆ, ಕಟ್ಟೆ ಹಾಸಿನ ಮಟ್ಟಕ್ಕೆ ಬರುತ್ತೆ. ಮೇಲಿನ ಕಣದಿಂದ ಕಾರನ್ನು ನಿಧಾನವಾಗಿ ತಳ್ಳಿಕೊಂಡು ಬಂದೆವು. ನಡುವಿನ ಸಂದಿಗೆ ಎರಡು ಗಟ್ಟಿ ಹಲಗೆ. ಓರೆ 3 ಡಿಗ್ರಿಯೂ ಇರಲಿಲ್ಲ. ಕಾರು ಸದ್ದಿಲ್ಲದೆ ಲಾರಿ ಮೇಲೆ ಹೋಗಿ ನಿಂತಿತು.

ನಿಮ್ಮ ಊರಲ್ಲಿ ಕಣ ಇಲ್ಲದಿದ್ದರೂ ತತ್ವ ಇಷ್ಟೇ: ಲಾರಿ ತಗ್ಗಿನಲ್ಲಿ, ಕಾರು ಎತ್ತರದಲ್ಲಿ ಇರೋ ಜಾಗ ಹುಡುಕಿ. ರಸ್ತೆ ಪಕ್ಕದ ದಿಣ್ಣೆ, ಗೋದಾಮಿನ ಕಟ್ಟೆ ಯಾವುದಾದರೂ ಆದೀತು. ಐದು ನಿಮಿಷ ಜಾಗ ಹುಡುಕಿದರೆ ಐವತ್ತು ಸಾವಿರದ ಕೆಲಸ ಉಳಿಯಬಹುದು.

ವಿಂಚಿನಲ್ಲಿ ಎಳೆಯುವಾಗ

ಕಟ್ಟೆ ಸಿಗದೆ ವಿಂಚಿನಲ್ಲೇ ಎಳೆಯಬೇಕಾದರೆ ಮೂರು ಮಾತು ನೆನಪಿಡಿ.

ಕೊಕ್ಕೆ ಎಲ್ಲಿಗೆ ಹಾಕ್ತಾರೆ ಅಂತ ನೀವೇ ಬಗ್ಗಿ ನೋಡಿ. ಸ್ಟೀರಿಂಗಿನ ರಾಡಿಗೆ ಬೇಡ, ಸಸ್ಪೆನ್ಷನ್ ತೋಳಿಗೆ ಬೇಡ, ಬಂಪರಿಗಂತೂ ಬೇಡವೇ ಬೇಡ. ಕಾರಿನ ಪುಸ್ತಕದಲ್ಲಿ ಎಳೆಯೋ ಜಾಗ ತೋರಿಸಿದ್ದರೆ ಅದನ್ನೇ ಬಳಸಿ. ಎಡಕ್ಕೊಂದು ಬಲಕ್ಕೊಂದು ಬಟ್ಟೆಯ ಬೆಲ್ಟು ಹಾಕಿ, ಮುಂದೆ ಎರಡನ್ನೂ ಒಂದು ಮಾಡಿ ವಿಂಚಿಗೆ ಸಿಕ್ಕಿಸಿದರೆ ಕಾರು ಓರೆಯಾಗದೆ ನೆಟ್ಟಗೆ ಬರುತ್ತೆ.

ಎಳೆಯೋ ಮೊದಲು ಕಾರನ್ನು ಲಾರಿಯ ನೇರಕ್ಕೆ ತಂದು ನಿಲ್ಲಿಸಿ. ಓರೆಯಾಗಿ ಎಳೆದು ಮೇಲೆ ಸರಿಮಾಡ್ಕೊಳ್ಳೋಣ ಅಂದರೆ ಗಾಲಿ ಅಂಚಿಗೆ ಬರುತ್ತೆ.

ಮೂರನೇದು ಮುಖ್ಯ. ತಂತಿ ಹಗ್ಗ ಬಿಗಿಯಾಗಿರುವಾಗ ಅದರ ನೇರದಲ್ಲಿ ಯಾರೂ ನಿಲ್ಲಬೇಡಿ. ಕಾರಿನ ಹಿಂದೆಯೂ ನಿಲ್ಲಬೇಡಿ. ವಿಡಿಯೋ ಮಾಡೋರು ಪಕ್ಕಕ್ಕೆ, ದೂರದಲ್ಲಿ. ತಂತಿ ತುಂಡಾದರೆ ಚಾಟಿ ಬೀಸಿದ ಹಾಗೆ ಬರುತ್ತೆ. ಕಾರಿನ ಹಿಂದಿನ ಗಾಲಿಗೆ ಅಡ್ಡ ಕೊಡೋಕೆ ಮರದ ತುಂಡು ಕೈಯಲ್ಲಿ ಹಿಡಿದು ಒಬ್ಬರು ಪಕ್ಕದಲ್ಲಿರಲಿ. ಕಾರು ಹೋದರೆ ಹೋಗಲಿ, ಮನುಷ್ಯರಿಗೆ ಏನೂ ಆಗಬಾರದು.

ಕಟ್ಟೋದು ಗಾಲಿಗೆ

ಮೇಲೆ ಹತ್ತಿತು. ಈಗ ಕಟ್ಟಬೇಕು. ಕಾರಿನ ಮೈಗೆ ಕಟ್ಟಬೇಕಾ, ಗಾಲಿಗೆ ಕಟ್ಟಬೇಕಾ?

ಮೈಗೆ ಕಟ್ಟಿ ಕೆಳಗೆ ಎಳೆದಿರಿ ಅಂದುಕೊಳ್ಳಿ. ಲಾರಿ ಗುಂಡಿಗೆ ಬಿದ್ದಾಗ ಕಾರಿನ ಸ್ಪ್ರಿಂಗ್ ಇನ್ನಷ್ಟು ಅಮುಕಿಕೊಳ್ಳುತ್ತೆ. ಆ ಒಂದು ಕ್ಷಣ ಬೆಲ್ಟು ಸಡಿಲ. ಕೊಕ್ಕೆ ಕಳಚೋದು ಆಗಲೇ. ಅದೂ ಅಲ್ಲದೆ ಎಂಜಿಬಿಗೆ ಬೇರೆ ಚಾಸಿ ಇಲ್ಲ. ಬಾಗಿಲ ಕೆಳಗಿನ ಉದ್ದದ ಪಟ್ಟಿಗಳೇ ಕಾರಿನ ಬೆನ್ನೆಲುಬು, ಛಾವಣಿ ಇಲ್ಲದ ಕಾರಿನಲ್ಲಂತೂ ಅದರ ಮೇಲೇ ಎಲ್ಲ ಭಾರ. ಮಲೆನಾಡಿನ ಮಳೆಗೆ ಅದು ಒಳಗಿಂದೊಳಗೇ ತುಕ್ಕು ಹಿಡಿದಿರುತ್ತೆ. ಅಲ್ಲಿಗೆ ಬೆಲ್ಟು ಬಿಗಿದರೆ ಬಾಗಿಲು ಮುಚ್ಚದ ಹಾಗಾಗಬಹುದು.

ಗಾಲಿಗೆ ಕಟ್ಟಿದರೆ ಗಾಲಿ ಹಾಸಿಗೆ ಅಂಟಿಕೊಂಡಿರುತ್ತೆ, ಕಾರಿನ ಮೈ ತನ್ನ ಸ್ಪ್ರಿಂಗ್ ಮೇಲೆ ರಸ್ತೆಯಲ್ಲಿದ್ದ ಹಾಗೇ ಆಡುತ್ತೆ. ಟೈರಿನ ಮೇಲಿಂದ ಬಳಸಿ ಬರೋ ಬೆಲ್ಟು ಸಿಗುತ್ತೆ, ಅದನ್ನೇ ಕೇಳಿ. ತಂತಿ ಕಡ್ಡಿಯ ಗಾಲಿಯಾದರೆ ಕಡ್ಡಿಗಳ ಸಂದಿಯಲ್ಲಿ ಬೆಲ್ಟು ತೂರಿಸೋಕೆ ಬಿಡಬೇಡಿ, ಕಡ್ಡಿ ಬಾಗುತ್ತೆ.

ನಾಲ್ಕು ಗಾಲಿಗೆ ನಾಲ್ಕು ಬೆಲ್ಟು. ಶಕ್ತಿ ಎಷ್ಟಿರಬೇಕು? ಅಮೆರಿಕದ ಸರಕು ಭದ್ರತಾ ನಿಯಮದಲ್ಲಿ ಒಂದು ಒಳ್ಳೇ ಅಳತೆ ಇದೆ: ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ 0.8 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತೆ, ಪಕ್ಕಕ್ಕೂ ಹಿಂದಕ್ಕೂ 0.5 ಪಟ್ಟು ಅಂತ ಲೆಕ್ಕ ಹಿಡೀಬೇಕು. ಅಂದರೆ ಒಂದು ಟನ್ ಕಾರು ಹತ್ತಿರ ಹತ್ತಿರ 800 ಕೆ.ಜಿ. ಬಲದಲ್ಲಿ ಡ್ರೈವರ್ ಕ್ಯಾಬಿನ್ ಕಡೆ ನುಗ್ಗೋಕೆ ನೋಡುತ್ತೆ. ಬೆಲ್ಟಿನ ಲೇಬಲ್ ಓದಿ. ಅದರಲ್ಲಿ ಎರಡು ಅಂಕೆ ಇರುತ್ತೆ, ತುಂಡಾಗೋ ಭಾರ ಮತ್ತು ಕೆಲಸಕ್ಕೆ ಹಿಡಿಯಬೇಕಾದ ಭಾರ. ಎರಡನೇದು ಸಾಮಾನ್ಯವಾಗಿ ಮೊದಲನೇದರ ಮೂರನೇ ಒಂದು ಭಾಗ. ನೀವು ನಂಬಬೇಕಾದದ್ದು ಆ ಚಿಕ್ಕ ಅಂಕೆಯನ್ನು. ಅಂಚು ಹರಿದ ಬೆಲ್ಟು, ಗಂಟು ಹಾಕಿದ ಬೆಲ್ಟು ಎರಡೂ ಬೇಡ.

ಕಟ್ಟಿದ ಮೇಲೆ ಗಾಲಿಗೆ ಮುಂದೆ ಹಿಂದೆ ಅಡ್ಡ, ಹ್ಯಾಂಡ್‌ಬ್ರೇಕ್, ಮೊದಲನೇ ಗೇರ್.

ಹೊರಡೋ ಮೊದಲು

ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕಡಿಮೆ ಇರಲಿ. ಹಳೇ ಕಾರ್ಬ್ಯುರೇಟರ್ ಕುಲುಕಿದರೆ ಚೆಲ್ಲುತ್ತೆ.

ಬ್ಯಾಟರಿ ತಂತಿ ತೆಗೆದಿಡಿ. ಇಲ್ಲೊಂದು ಬಲೆ ಇದೆ. 1967ರ ಕೊನೆಯವರೆಗೆ ಬಂದ ಎಂಜಿಬಿಗಳಲ್ಲಿ ಕಾರಿನ ಮೈಗೆ ಸೇರಿರೋದು ಬ್ಯಾಟರಿಯ ಪ್ಲಸ್ ತುದಿ, ಮೈನಸ್ ಅಲ್ಲ. ಈಗಿನ ಎಲ್ಲ ಕಾರಿಗೂ ಉಲ್ಟಾ. ಬ್ಯಾಟರಿಯೂ ಒಂದಲ್ಲ, ಸೀಟಿನ ಹಿಂದೆ 6 ವೋಲ್ಟಿನ ಎರಡು. ಇಳಿಸೋ ಜಾಗದಲ್ಲಿ ಯಾರೋ ಪುಣ್ಯಾತ್ಮರು ಸಹಾಯ ಮಾಡೋಣ ಅಂತ ಮಾಮೂಲಿ ಅಭ್ಯಾಸದಲ್ಲಿ ಜಂಪ್ ಕೇಬಲ್ ಕೊಟ್ಟರೆ ಕಿಡಿ ಹಾರುತ್ತೆ. ನಾನು ಒಂದು ರಟ್ಟಿನ ಮೇಲೆ ‘ಪ್ಲಸ್ ಬಾಡಿಗೆ. ಜಂಪ್ ಮಾಡಬೇಡಿ’ ಅಂತ ಬರೆದು ಸ್ಟೀರಿಂಗಿಗೆ ಕಟ್ಟಿದೆ.

ಬಟ್ಟೆಯ ಟಾಪು ಬಿಗಿಯಾಗಿ ಕೂತಿದೆಯಾ ನೋಡಿ. ತೆರೆದ ಲಾರಿಯಲ್ಲಿ ಕಾರಿಗೆ ಕವರ್ ಹೊದಿಸಬೇಡಿ. ಆಶ್ಚರ್ಯ ಅನಿಸಬಹುದು, ಆದರೆ ಗಾಳಿಗೆ ಪಟಪಟ ಹೊಡೆಯೋ ಕವರ್ ಧೂಳಿನ ಜೊತೆ ಸೇರಿ ಬಣ್ಣವನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತೆ.

ಫೋಟೋ. ನಾಲ್ಕೂ ಕಡೆ, ಮೇಲೆ, ಕೆಳಗೆ, ಪ್ರತಿ ಗಾಲಿ, ಓಡೋಮೀಟರ್. ಡ್ರೈವರ್ ಎದುರಿಗೇ ತೆಗೀರಿ, ಅವರಿಗೂ ವಾಟ್ಸಾಪ್ ಮಾಡಿ. ಅದು ಅನುಮಾನ ಅಲ್ಲ, ಇಬ್ಬರಿಗೂ ರಕ್ಷಣೆ.

ಆ ಚೀಟಿಯನ್ನು ಓದಿ

ಅವತ್ತು ಹಾಸನದಲ್ಲಿ ನಾನು ಓದದೆ ಸಹಿ ಹಾಕಿದ ಚೀಟಿಯಲ್ಲಿ ‘ಓನರ್ಸ್ ರಿಸ್ಕ್’ ಅಂತ ಇತ್ತು. ಅಂದರೆ ಏನಾದರೂ ಹೊಣೆ ನನ್ನದೇ ಅಂತ.

ಸರಕು ಸಾಗಿಸೋರಿಗೆ ನಮ್ಮಲ್ಲಿ 2007ರ ರಸ್ತೆ ಸಾಗಣೆ ಕಾಯ್ದೆ ಇದೆ. ನೀವು ಹೆಚ್ಚಿನ ದರ ಕೊಟ್ಟು ಹೆಚ್ಚಿನ ಹೊಣೆ ಹೊರಿಸದಿದ್ದರೆ, ನಷ್ಟಕ್ಕೆ ಸಾಗಣೆದಾರರ ಹೊಣೆಗೆ ಒಂದು ಮಿತಿ ಇರುತ್ತೆ. 2011ರ ನಿಯಮದಲ್ಲಿ ಆ ಮಿತಿ ಬಾಡಿಗೆಯ ಹತ್ತು ಪಟ್ಟು. 15 ಸಾವಿರ ಬಾಡಿಗೆ ಕೊಟ್ಟರೆ ಒಂದೂವರೆ ಲಕ್ಷ. ಕಾರಿನ ಬೆಲೆ ಅದಕ್ಕಿಂತ ಎಷ್ಟು ಹೆಚ್ಚು ಅಂತ ನೀವೇ ಯೋಚಿಸಿ. ಅದಕ್ಕೇ ಕಾರಿನ ಬೆಲೆಯನ್ನು ಬುಕಿಂಗ್ ಚೀಟಿಯಲ್ಲಿ ಬರೆಸಿ, ಟ್ರಾನ್ಸಿಟ್ ವಿಮೆ ಬೇರೆಯಾಗಿ ಮಾಡಿಸಿ, ಹತ್ತಿಸುವಾಗ ಇಳಿಸುವಾಗ ಆಗೋ ಹಾನಿ ಅದರಲ್ಲಿ ಸೇರಿದೆಯಾ ಅಂತ ಕೇಳಿ. ಅಪಾಯ ಇರೋದೇ ಅಲ್ಲಿ ಅಂತ ಆಗಲೇ ಹೇಳಿದೆನಲ್ಲ.

ದಾರಿ ಮತ್ತು ಇಳಿಸೋದು

ಹೊಸ ಬೆಲ್ಟು ಮೊದಲ ಕೆಲವು ಕಿಲೋಮೀಟರಿನಲ್ಲಿ ಸ್ವಲ್ಪ ಹಿಗ್ಗುತ್ತೆ, ಟೈರೂ ಅಮುಕಿ ಕೂರುತ್ತೆ. ಹಾಗಾಗಿ ಹೊರಟು ಅರ್ಧ ಗಂಟೆಯೊಳಗೆ ಒಂದು ಸಲ ನಿಲ್ಲಿಸಿ ಬಿಗಿ ನೋಡಲೇಬೇಕು. ನಾವು ಬೇಲೂರಿಗೂ ಮೊದಲೇ ನಿಲ್ಲಿಸಿದೆವು. ಹಿಂದಿನ ಎಡಗಡೆ ಬೆಲ್ಟು ಎರಡು ಹಲ್ಲು ಸಡಿಲ ಆಗಿತ್ತು. ಆಮೇಲೆ ಚನ್ನರಾಯಪಟ್ಟಣದಲ್ಲಿ ಒಂದು ಸಲ, ಕುಣಿಗಲ್ ಹತ್ರ ಕಾಫಿಗೆ ನಿಂತಾಗ ಇನ್ನೊಂದು ಸಲ. ಪ್ರತಿ ಸಲ ಡ್ರೈವರ್ ಅಣ್ಣ ತಾವೇ ಮೊದಲು ಇಳಿದು ನೋಡಿದರು. ‘ಇಷ್ಟು ಹಳೇ ಗಾಡಿ ನಾನು ಯಾವತ್ತೂ ಹೊತ್ತಿಲ್ಲ ಸಾರ್’ ಅಂದರು.

ಬೆಂಗಳೂರು ತಲುಪಿದಾಗ ಕತ್ತಲಾಗಿತ್ತು. ಎಲ್ಲರಿಗೂ ಸುಸ್ತು. ತಪ್ಪಾಗೋದು ಇಂಥ ಹೊತ್ತಲ್ಲೇ. ಇಳಿಸುವಾಗಲೂ ಅದೇ ಲೆಕ್ಕ, ಆದರೆ ಉಲ್ಟಾ: ಮೊದಲು ತಾಗೋದು ಬಾಲ. ಗ್ಯಾರೇಜಿನ ಮುಂದೆ ಕಟ್ಟೆ ಇರಲಿಲ್ಲ, ಆದರೆ ರಸ್ತೆಯೇ ಇಳಿಜಾರು. ಲಾರಿಯ ಮೂತಿ ಇಳಿಜಾರಿನ ಕೆಳಗೆ, ಹಿಂಭಾಗ ಮೇಲೆ ಬರೋ ಹಾಗೆ ನಿಲ್ಲಿಸಿದೆವು. ಫೋನ್ ಇಟ್ಟೆ. ಹಾಸಿಗೂ ರಸ್ತೆಗೂ ನಡುವೆ 7 ಡಿಗ್ರಿ. ಆದರೂ ಹಲಗೆ ಹಾಕಿದೆವು. ವಿಂಚನ್ನು ಬಿಡ್ತಾ ಬಿಡ್ತಾ, ಒಂದೊಂದೇ ಗೇಣು ಕೆಳಗೆ. ಸದ್ದೇ ಇಲ್ಲ. ಅವತ್ತು ನಾನು ಕಿವಿಕೊಟ್ಟು ಕಾದಿದ್ದು ಆ ಒಂದು ಸದ್ದಿಗೆ. ಅದು ಬರಲಿಲ್ಲ.

ಕೊನೆಗೆ, ಫೋನಿನಲ್ಲಿ ಕೇಳಬೇಕಾದ ಐದು ಪ್ರಶ್ನೆ

ಸ್ಕ್ರೀನ್‌ಶಾಟ್ ತಗೊಳ್ಳಿ. ಟೋಯಿಂಗಿನವರಿಗೆ ಕರೆ ಮಾಡಿದಾಗ ಮೊದಲು ‘ಕಾರು ತುಂಬಾ ತಗ್ಗು, ನೆಲದಿಂದ ಇಷ್ಟು ಸೆಂಟಿಮೀಟರ್’ ಅಂತ ಹೇಳಿ. ಆಮೇಲೆ ಕೇಳಿ.

1. ಹಾಸು ಪೂರ್ತಿ ಇಳಿಯೋ ಫ್ಲಾಟ್‌ಬೆಡ್ ಇದೆಯಾ?
2. ಹಾಸಿನ ಉದ್ದ ಎಷ್ಟು, ಇಳಿಸಿದಾಗ ಓರೆ ಎಷ್ಟು?
3. ಉದ್ದದ ಮರದ ಹಲಗೆ ತರ್ತೀರಾ?
4. ಗಾಲಿಗೆ ಕಟ್ಟೋ ಬಟ್ಟೆಯ ಬೆಲ್ಟು ನಾಲ್ಕು ಇದೆಯಾ?
5. ಹತ್ತಿಸುವಾಗ, ಇಳಿಸುವಾಗ ಹಾನಿಯಾದರೆ ಹೊಣೆ ಯಾರದು, ಬರೆದು ಕೊಡ್ತೀರಾ?

ಐದಕ್ಕೂ ಸರಿಯಾದ ಉತ್ತರ ಬರದಿದ್ದರೆ ಇನ್ನೊಂದು ನಂಬರಿಗೆ ಕರೆ ಮಾಡಿ. ರಸ್ತೆ ಪಕ್ಕ ಇನ್ನೊಂದು ಗಂಟೆ ಕಾಯೋದು ಕಷ್ಟವೇ, ಆದರೆ ಕಾಯಿರಿ.

ಎಂಜಿಬಿಯ ಬಾಗಿದ ತೋಳು ಬದಲಾಯ್ತು, ಸೈಲೆನ್ಸರೂ ಬಂತು. ಹೋದ ವಾರ ಮೆಕ್ಯಾನಿಕ್ ಎಂಜಿನ್ ಶುರು ಮಾಡಿದರು. ನಾನು ಮೂಡಿಗೆರೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಎಕ್ಸಾಸ್ಟ್ ಹತ್ರ ಹಿಡಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ನೆಟ್‌ವರ್ಕ್ ಹೋಯ್ತು ಅಂದುಕೊಂಡೆ. ಆಮೇಲೆ ದೊಡ್ಡಪ್ಪ ಅಂದರು, ‘ಎರಡನೇ ಕಾರ್ಬ್ಯುರೇಟರ್ ಇನ್ನೂ ಸರಿ ಹೊಂದಿಲ್ಲ ಮಾರಾಯ, ಅವರಿಗೆ ಹೇಳು.’

ಹೇಳಿದೆ. ಮೆಕ್ಯಾನಿಕ್ ಸ್ಕ್ರೂಡ್ರೈವರ್ ತಗೊಂಡು ನೋಡಿದರು. ದೊಡ್ಡಪ್ಪ ಹೇಳಿದ್ದು ಸರಿಯಾಗಿತ್ತು.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ, ಉಬ್ಬು ನೋಡ್ಕೊಂಡು ನಿಧಾನವಾಗಿ ಓಡಿಸಿ. ನಮಸ್ಕಾರ.